ಅಗಾರ್ ಮೇಲಿನ ಚಿತ್ರ: ಬಣ್ಣದ ಜೀವಿಯಿಂದ ಬಣ್ಣದ ಜೀನ್‌ವರೆಗೆ

ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರದ ಲ್ಯಾಬಿನಲ್ಲಿ ಇನ್‌ಕ್ಯುಬೇಟರ್ ಇಲ್ಲದೆ ಹಾಗೇ ಇಟ್ಟ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಕೆಂಪು ಬ್ಯಾಕ್ಟೀರಿಯಾದ ಪ್ಲೇಟು ಬೆಳ್ಳಗೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಸತ್ತಿಲ್ಲ. ಅದರ ಕೆಂಪು 25–30 ಡಿಗ್ರಿಯಲ್ಲಿ ಚೆನ್ನಾಗಿ ಮೂಡುತ್ತದೆ, 37ಕ್ಕೆ ಏರಿದರೆ ಮೂಡುವುದೇ ಇಲ್ಲ.

ಬಣ್ಣದ ಬ್ಯಾಕ್ಟೀರಿಯಾದಿಂದ ಪ್ಲೇಟಿನ ಮೇಲೆ ಚಿತ್ರ ಬಿಡಿಸುವ ಈ ಕಲೆಗೂ ಶಾಖಕ್ಕೂ ಗುದ್ದಾಟ ಹಳೆಯದು. ಮೊದಲು ಜರ್ಮನಿಯ ಲ್ಯಾಬುಗಳಲ್ಲಿ ಜೆಲಾಟಿನ್ ಮೇಲೆ ಸೂಕ್ಷ್ಮಜೀವಿ ಬೆಳೆಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಅಡುಗೆಗೆ ಅಗಾರ್, ಅಂದರೆ ಕಡಲಕಳೆಯಿಂದ ತೆಗೆದ ಗಟ್ಟಿಯಾಗುವ ಅಂಟು, ಬಳಸುತ್ತಿದ್ದ ಫ್ಯಾನಿ ಹೆಸ್ಸೆ 1881ರಲ್ಲಿ ಅದನ್ನೇ ಸೂಚಿಸಿದರು. ಅಗಾರ್ ಕರಗಲು ಸುಮಾರು 85 ಡಿಗ್ರಿ ಬೇಕು. ನಮ್ಮ ಕಡೆಯ ಬಿಸಿಲಲ್ಲೂ ಪ್ಲೇಟು ನಿಲ್ಲುವುದು ಆ ಅಡುಗೆಮನೆಯ ತಿಳಿವಳಿಕೆಯಿಂದ. ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅಗಾರ್ ಮೇಲೆ ಬಗೆಬಗೆಯ ಬಣ್ಣದ ಬ್ಯಾಕ್ಟೀರಿಯಾ ಹಚ್ಚಿ ಚಿತ್ರ ಬಿಡಿಸಿದರು. ಒಂದೊಂದರ ಬೆಳವಣಿಗೆಯ ವೇಗ ಬೇರೆ. ಯಾವುದನ್ನು ಯಾವಾಗ ಹಚ್ಚಬೇಕೆಂಬ ಲೆಕ್ಕದಲ್ಲೇ ಅರ್ಧ ಕಲೆಯಿತ್ತು. ಆದರೆ ಸೆರೇಷಿಯಾದಂಥ ಬಣ್ಣದ ಜೀವಿಗಳು ಸೋಂಕು ತರಬಲ್ಲವು, ಮನೆಯಲ್ಲಿ ಮುಟ್ಟುವಂಥವಲ್ಲ.

ನಿರುಪದ್ರವಿ ಜೀವಿಗೇ ಬಣ್ಣದ ಜೀನ್ ಹಾಕುವ ದಾರಿ ತೆರೆದದ್ದು 1994ರಲ್ಲಿ. ವಿಜ್ಞಾನಿ ಮಾರ್ಟಿನ್ ಚಾಲ್ಫಿ ತಂಡ ಜೆಲ್ಲಿಮೀನಿನ ಹಸಿರು ಪ್ರೋಟೀನನ್ನು ಲ್ಯಾಬಿನ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳಗಿಸಿತು. 2005ರಲ್ಲಿ, ಕತ್ತಲಿದ್ದಲ್ಲಿ ಮಾತ್ರ ಕಪ್ಪಾಗುವ ಇ. ಕೋಲೈ ಹರಡಿದ ಪ್ಲೇಟನ್ನೇ ಫಿಲ್ಮಿನಂತೆ ಬಳಸಿ ವಿಜ್ಞಾನಿಗಳು ಫೋಟೊ ತೆಗೆದರು. 2009ರಲ್ಲಿ ಬೆಂಗಳೂರಿನ ಕಲಾ ವಿದ್ಯಾರ್ಥಿಗಳು ಇ. ಕೋಲೈಯಿಂದ ಹೊಮ್ಮಿಸಲು ಹೊರಟದ್ದು ಬಣ್ಣವನ್ನಲ್ಲ, ಜಿಯೋಸ್ಮಿನ್ ಅನ್ನು, ಅಂದರೆ ಮೊದಲ ಮಳೆಯ ಮಣ್ಣಿನ ವಾಸನೆಯನ್ನು. ಎರೆಭೂಮಿಯವರಿಗೆ ಬಣ್ಣಕ್ಕಿಂತ ಇದೇ ಹತ್ತಿರ.

ಬಣ್ಣದ ಜೀನ್ ಹಾಕಿದ ಇ. ಕೋಲೈಯಿಂದ ಚಿತ್ರ ಬಿಡಿಸುವ ಇಂದಿನ ಪ್ಲೇಟಿಗೆ ಲೀಟರ್ ನೀರಿಗೆ ಟ್ರಿಪ್ಟೋನ್ (ಬ್ಯಾಕ್ಟೀರಿಯಾದ ಆಹಾರವಾಗುವ ಪ್ರೋಟೀನ್ ಪುಡಿ) 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 5, ಉಪ್ಪು 10, ಅಗಾರ್ 15. ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯ ಪಾತ್ರೆಯಲ್ಲಿ, 121 ಡಿಗ್ರಿಗೆ 20 ನಿಮಿಷ. 50 ಡಿಗ್ರಿಗೆ ಆರಿದ ಮೇಲೆ ಬಣ್ಣದ ಜೀನ್ ಇಲ್ಲದ ಬ್ಯಾಕ್ಟೀರಿಯಾವನ್ನು ತಡೆಯುವ ಆಂಟಿಬಯಾಟಿಕ್ ಆಂಪಿಸಿಲಿನ್ 100 ಮಿ.ಗ್ರಾಂ ಬೆರೆಸಿ, ಪ್ಲೇಟಿಗೆ 20 ಮಿ.ಲೀ. ಸುರಿಯಬೇಕು. ಅವಸರ ಮಾಡಿದರೆ ಆಂಪಿಸಿಲಿನ್ ಕೆಡುತ್ತದೆ. ಮುಚ್ಚಳದಲ್ಲಿ ಕಟ್ಟಿದ ಹನಿ ಬಿದ್ದು ಗೆರೆ ಹರಡುತ್ತದೆ. ಹಚ್ಚುವಾಗ ಗೆರೆ ಕಾಣುವುದಿಲ್ಲ, ಹಾಗಾಗಿ ಕೆಳಗೆ ರೇಖಾಚಿತ್ರದ ಕಾಗದ ಇರಲಿ. 37 ಡಿಗ್ರಿಯಲ್ಲಿ ಬೋರಲು ಹಾಕಿ 16–20 ತಾಸು ಸಾಕು. ಹೆಚ್ಚು ಬಿಟ್ಟರೆ ಬಣ್ಣದ ಬ್ಯಾಕ್ಟೀರಿಯಾವೇ ಸುತ್ತಲಿನ ಆಂಪಿಸಿಲಿನ್ ಒಡೆದುಹಾಕಿ, ಗೆರೆಯ ಪಕ್ಕ ಬೇಡದ ಚುಕ್ಕೆಗಳೇಳುತ್ತವೆ.

ಭಾರತ ಸರ್ಕಾರದ 1989ರ ನಿಯಮಗಳ ಪ್ರಕಾರ ಬೆಳಗಾವಿಯ ಕಾಲೇಜಿರಲಿ, ಬಾಗಲಕೋಟೆಯದಿರಲಿ, ಜೀನ್ ಬದಲಿಸಿದ ಜೀವಿಯ ಕೆಲಸ ಸಂಸ್ಥೆಯ ಜೀವಸುರಕ್ಷತಾ ಸಮಿತಿಯ ಮುಂದೆ ಬರಬೇಕು. ಪ್ರದರ್ಶನಕ್ಕೆ ಫೋಟೊ ಕಳಿಸಬೇಕು, ಬ್ಯಾಕ್ಟೀರಿಯಾ ಸಾಯಲು ಪ್ಲೇಟನ್ನು ಮತ್ತೆ 121 ಡಿಗ್ರಿಗೆ ಹಾಕಬೇಕು.