ಹೊಯ್ಸಳ ರಾಜ ‘ಹತ್ತು ನಿಮಿಷ’ ಅನ್ನಬಹುದೇ?

ಪ್ರಶ್ನೆ: ಈಗಿನ ಐತಿಹಾಸಿಕ ಸಿನಿಮಾಗಳಲ್ಲಿ ರಾಜ, ಸೇನಾಪತಿ ಎಲ್ಲರೂ ನಮ್ಮ ಹಾಗೆಯೇ "ಸರಿ, ಹೋಗಿ ಬಾ" ಅನ್ನುತ್ತಾರೆ. ಇದು ಕಾಲದೋಷ ಅಲ್ಲವೇ? ಹಿಂದಿನ ಚಿತ್ರಗಳ ಗ್ರಾಂಥಿಕ ಕನ್ನಡವೇ ಸರಿಯಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಉತ್ತರವೂ ಪ್ರತಿಸಲ ಅದೇ. "ಹೋಗಿ ಬಾ" ಅನ್ನುವುದರಲ್ಲಿ ತಪ್ಪೇನಿಲ್ಲ. ತಪ್ಪು ಇರುವುದು ಅದೇ ರಾಜ ಮುಂದಿನ ಉಸಿರಿಗೆ "ಹತ್ತು ನಿಮಿಷದಲ್ಲಿ ಸೈನ್ಯ ಹೊರಡಬೇಕು" ಅಂದಾಗ. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಗ್ರಾಂಥಿಕವಾಗಿದ್ದರೆ ಹಳೆಯದು ಎಂಬ ನಂಬಿಕೆ ಮೊದಲು ಹೋಗಬೇಕು. ಒಂದು ಸಾಲನ್ನು ಬಿಡಿಸಿ ನೋಡಿ: "ತಮ್ಮ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸುತ್ತೇನೆ, ಮಹಾಪ್ರಭು." ಕಿವಿಗೆ ಸಾವಿರ ವರ್ಷ ಹಳೆಯದು ಅನ್ನಿಸುತ್ತದೆ. ಆದರೆ ‘ಆಜ್ಞೆಯನ್ನು’ ಎಂಬಲ್ಲಿನ ‘ಅನ್ನು’ ಹೊಸಗನ್ನಡದ ಪ್ರತ್ಯಯ. ಹಳಗನ್ನಡದಲ್ಲಿ ಅದು ‘ಆಜ್ಞೆಯಂ’. ‘ಪಾಲಿಸುತ್ತೇನೆ’ ಕೂಡ ಹಾಗೆಯೇ. 10ನೇ ಶತಮಾನದಲ್ಲಿ ಅದು ‘ಪಾಲಿಸಿದಪೆಂ’ ಅಥವಾ ‘ಪಾಲಿಪೆಂ’. ಅಂದರೆ ಆ ಸಾಲಿನ ಮೂಳೆ ಪೂರ್ತಿ ಇವತ್ತಿನದು, ಮೇಲೆ ಹೊದಿಸಿದ ಸಂಸ್ಕೃತ ಪದಗಳಷ್ಟೇ ಹಳೆಯವು. "ಸರಿ, ಮಾಡ್ತೀನಿ" ಅಂದರೂ ವ್ಯಾಕರಣದ ಕಾಲ ಅಲ್ಲಿಂದ ಅಷ್ಟೇನೂ ದೂರ ಹೋಗುವುದಿಲ್ಲ.

ನಿಜವಾಗಿ ಆ ಕಾಲದ ಭಾಷೆಯೇ ಬೇಕು ಅನ್ನುವವರು ಅದರ ಬೆಲೆಯನ್ನೂ ಕೊಡಬೇಕು. ಹಾಲು ‘ಪಾಲ್’ ಆಗಬೇಕು, ಹುಲಿ ‘ಪುಲಿ’, ಹೋಗು ‘ಪೋಗು’. ಹೊಯ್ಸಳರೇ ಹಳೆಯ ಶಾಸನಗಳಲ್ಲಿ ‘ಪೊಯ್ಸಳ’ರು. ಎರಡೂವರೆ ಗಂಟೆ ಹಾಗೆ ಮಾತಾಡಿದರೆ ಪರದೆಯ ಕೆಳಗೆ ಕನ್ನಡಕ್ಕೇ ಕನ್ನಡದ ಅಡಿಬರಹ ಹಾಕಬೇಕಾಗುತ್ತದೆ.

ಹಾಗಾದರೆ ಈ ಗ್ರಾಂಥಿಕ ಮಾತು ಬಂದದ್ದೆಲ್ಲಿಂದ? ನಾಟಕ ಕಂಪನಿಗಳಿಂದ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಿತ್ತು. ಉದ್ದನೆಯ ಸಮಾಸ, ಎಳೆದ ಸ್ವರ ಆ ಕೆಲಸ ಮಾಡಿದವು. 1934ರಲ್ಲಿ ಕನ್ನಡದ ಮೊದಲ ಟಾಕಿ ಬಂದಾಗ ನಟರ ಜೊತೆ ಆ ಮಾತೂ ರಂಗದಿಂದ ಪರದೆಗೆ ಬಂತು. ಅದು ಸೊಗಸಾದ ಪರಂಪರೆ, ಅದನ್ನು ಹೀಗಳೆಯುವ ಅಗತ್ಯವಿಲ್ಲ. ಆದರೆ ಅದು ರಂಗಭೂಮಿಯ ಭಾಷೆ, ಅರಮನೆಯ ಭಾಷೆಯಲ್ಲ. ಅರಮನೆಯ ಹತ್ತಿರ ಇದ್ದವರು ಹೇಗೆ ಹೇಳುತ್ತಿದ್ದರು ಎಂಬುದಕ್ಕೆ 12ನೇ ಶತಮಾನದ ವಚನಗಳೇ ಇವೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಆ ವಚನಗಳ ವಾಕ್ಯ ಎಷ್ಟು ಗಿಡ್ಡ, ಪದ ಎಷ್ಟು ಬಳಕೆಯದು ಎಂದು ಒಮ್ಮೆ ಗಮನಿಸಿ.

ಆದ್ದರಿಂದ ವ್ಯಾಕರಣ ಇವತ್ತಿನದೇ ಇರಲಿ. ತನಿಖೆ ಆಗಬೇಕಾದದ್ದು ಮಾತಿನೊಳಗೆ ಬರುವ ವಸ್ತು, ಅಳತೆ, ಹಣ ಮತ್ತು ಕಲ್ಪನೆಗಳದ್ದು. ಕಥೆಯ ವರ್ಷವನ್ನು ಸ್ಕ್ರಿಪ್ಟಿನ ಮೊದಲ ಹಾಳೆಯ ಮೇಲೆ ಬರೆದುಕೊಂಡು, ಪ್ರತಿ ನಾಮಪದದ ಕೆಳಗೆ ಗೆರೆ ಹಾಕುತ್ತ ಹೋಗಿ.

ಮೊದಲು ಅಡುಗೆಮನೆ, ಏಕೆಂದರೆ ಹೆಚ್ಚು ಜಾರುವುದು ಅಲ್ಲೇ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸೀಬೆ, ಪರಂಗಿ, ಗೋಡಂಬಿ, ಮುಸುಕಿನ ಜೋಳ, ಹೊಗೆಸೊಪ್ಪು ಎಲ್ಲವೂ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬರುವ ಮುಂಚೆ ಇಲ್ಲಿ ಯಾರೂ ಅವನ್ನು ತಿಂದಿಲ್ಲ. ಹೊಯ್ಸಳರ ಕಾಲದ ಅಜ್ಜಿ "ಸಾರಿಗೆ ನಾಲ್ಕು ಮೆಣಸಿನಕಾಯಿ ಮುರಿದು ಹಾಕು" ಅಂದರೆ ಅದು ಸ್ಪಷ್ಟ ಕಾಲದೋಷ. "ಮೆಣಸು ಕುಟ್ಟಿ ಹಾಕು" ಅಂದರೆ ಸರಿ. ಖಾರಕ್ಕೆ ಆಗ ಇದ್ದದ್ದು ಮೆಣಸು, ಹಿಪ್ಪಲಿ, ಶುಂಠಿ. ರಾಗಿ, ಹುರುಳಿ, ಅವರೆ, ತೊಗರಿಗೆ ಯಾವ ಅಡ್ಡಿಯೂ ಇಲ್ಲ.

ಹೊತ್ತಿನ ಲೆಕ್ಕ: ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಏಳೂವರೆ ಗಳಿಗೆ ಸೇರಿದರೆ ಒಂದು ಜಾವ, ಅಂದರೆ ಮೂರು ತಾಸು. ‘ಹತ್ತು ನಿಮಿಷ’ದ ಜಾಗಕ್ಕೆ ‘ಅರೆಗಳಿಗೆ’ ಹಾಕಿದರೆ 12 ನಿಮಿಷ, ತುಟಿಚಲನೆಗೂ ತೊಂದರೆಯಿಲ್ಲ. ನಿಮಿಷ ಎಂಬ ಪದ ಹಳೆಯದೇ, ಆದರೆ ರೆಪ್ಪೆ ಬಡಿಯುವಷ್ಟು ಹೊತ್ತು ಎಂಬ ಅರ್ಥದಲ್ಲಿ. "ನಿಮಿಷ ಮಾತ್ರದಲ್ಲಿ" ನಿಲ್ಲುತ್ತದೆ, ‘ಹತ್ತು ನಿಮಿಷ’ ನಿಲ್ಲುವುದಿಲ್ಲ. ನಿಘಂಟಿನಲ್ಲಿ ಪದ ಸಿಕ್ಕಿತು ಎಂದು ಬಿಟ್ಟುಬಿಡಬಾರದು, ಯಾವ ಅರ್ಥದಲ್ಲಿ ಸಿಕ್ಕಿತು ನೋಡಬೇಕು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ಕನ್ನಡ ನಿಘಂಟು ಪ್ರಯೋಗಗಳನ್ನೂ ಕೊಡುವುದರಿಂದ ಈ ಕೆಲಸಕ್ಕೆ ಅದೇ ವಾಸಿ.

ಭೂಮಿಗೆ ಎಕರೆ ಬೇಡ, ಮತ್ತರು ಇದೆ. ದೂರಕ್ಕೆ ಮೈಲಿ ಬೇಡ, ಹರದಾರಿ, ಗಾವುದ ಇವೆ. ಹಣಕ್ಕೆ ಹೊಯ್ಸಳರಲ್ಲಿ ಗದ್ಯಾಣ, ಪಣ, ವಿಜಯನಗರದಲ್ಲಿ ವರಾಹ. ಮಾತುಮಾತಿಗೂ ‘ಧನ್ಯವಾದಗಳು’ ಹೇಳುವುದು ಈಚಿನ ರೂಢಿ, ಅಲ್ಲಿ "ದೊಡ್ಡ ಉಪಕಾರವಾಯಿತು" ಸಾಕು. ಇನ್ನು 1824ರ ಕಿತ್ತೂರಿನ ಕಥೆಯಲ್ಲಿ "ಬ್ರಿಟಿಷ್ ಸಾಮ್ರಾಟರ ಸರ್ಕಾರ" ಅನ್ನಿಸಬೇಡಿ. ಆಗ ಆಳುತ್ತಿದ್ದದ್ದು ಕುಂಪಣಿ, ಅಂದರೆ ಈಸ್ಟ್ ಇಂಡಿಯಾ ಕಂಪನಿ. ಇಂಗ್ಲೆಂಡಿನ ರಾಣಿಯ ನೇರ ಆಳ್ವಿಕೆ ಬಂದದ್ದು 1858ರಲ್ಲಿ.

ತಿದ್ದಲು ಹೋಗಿ ಕೆಡಿಸುವುದೂ ಉಂಟು. ವಿಜಯನಗರದ ಕಥೆ ಎಂದೊಡನೆ ಪಾರಸಿ, ಅರಬ್ಬಿ ಮೂಲದ ಪದಗಳನ್ನೆಲ್ಲ ಹೊಡೆದುಹಾಕುತ್ತಾರೆ. ಆ ಆಸ್ಥಾನದವರು ತೊಡುತ್ತಿದ್ದದ್ದೇ ಕಬಾಯಿ (ನಿಲುವಂಗಿ), ಕುಲ್ಲಾಯಿ (ಟೊಪ್ಪಿಗೆ), ಎರಡೂ ಹೆಸರು ಆ ಕಡೆಯಿಂದ ಬಂದವು. ಬುಕ್ಕರಾಯನ ಬಿರುದು ‘ಹಿಂದೂರಾಯ ಸುರತ್ರಾಣ’. ಸುರತ್ರಾಣ ಎಂದರೆ ಸುಲ್ತಾನ. 18ನೇ ಶತಮಾನದ ಮೈಸೂರಿನ ಕಥೆಯಲ್ಲಿ ಕಚೇರಿ, ಖಜಾನೆ, ಜಮೀನು ಇಲ್ಲದಿದ್ದರೆ ಅದೇ ಕಾಲದೋಷ. ‘ಕರ್ನಾಟಕ’ ಎಂಬ ಹೆಸರಿಗೂ ಹೀಗೇ ಆಕ್ಷೇಪ ಬರುತ್ತದೆ. 1973ರಲ್ಲಿ ರಾಜ್ಯಕ್ಕೆ ಆ ಹೆಸರಿಟ್ಟರು ನಿಜ, ಹೆಸರು ಮಾತ್ರ ಬಹು ಹಿಂದಿನದು.

ಹೆಸರಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ, ಅಜ್ಜಿ ಕೊಟ್ಟ ಬೆಂದ ಕಾಳು ತಿಂದು "ಈ ಊರು ಬೆಂದಕಾಳೂರು ಆಗಲಿ" ಅನ್ನುವ ದೃಶ್ಯ ನಾಟಕಗಳಲ್ಲಿ ಇನ್ನೂ ಬರುತ್ತಿದೆ. ಈ ವೀರಬಲ್ಲಾಳ, ಅಂದರೆ ಹೊಯ್ಸಳರ ಎರಡನೆಯ ಬಲ್ಲಾಳ, ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಆಗಲೇ ‘ಬೆಂಗಳೂರ ಕಾಳಗ’ದ ಮಾತೆತ್ತುತ್ತದೆ. ಬಲ್ಲಾಳ ಕಾಳು ತಿನ್ನುವ ದೃಶ್ಯ ಬೇಕೇ ಬೇಕೆಂದರೆ ಇರಲಿ. ಹೆಸರಿಡುವ ಆ ಒಂದು ಸಾಲನ್ನು ತೆಗೆದು, "ಇದು ಯಾವ ಊರಜ್ಜಿ?" ಎಂದು ರಾಜನ ಬಾಯಲ್ಲಿ ಕೇಳಿಸಿ. ಅಜ್ಜಿ "ಬೆಂಗಳೂರು" ಅನ್ನಲಿ.