ಬೆಟ್ಟದ ಬೆಂಕಿ ಉಪಗ್ರಹಕ್ಕೆ ಕಂಡರೆ ಸುದ್ದಿ ಯಾರಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ಸೊಪ್ಪಿನಬೆಟ್ಟಕ್ಕೆ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಬೆಂಕಿ ಬಿದ್ದರೆ ಉಪಗ್ರಹಕ್ಕೆ ಕಾಣುತ್ತದೆ ಎನ್ನುತ್ತಾರೆ. ಆ ಸುದ್ದಿ ಯಾರಿಗೆ ಹೋಗುತ್ತದೆ? ಊರಿನವರಾದ ನಮಗೇಕೆ ಬರುವುದಿಲ್ಲ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಬೇಸಿಗೆ ಬಂತೆಂದರೆ ಏಳುವ ಪ್ರಶ್ನೆ ಇದು. ಸುದ್ದಿ ನಿಮಗೂ ಬರುತ್ತದೆ, ಆದರೆ ಕೇಳಿ ಪಡೆಯಬೇಕು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 2004ರಿಂದ ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಉಪಗ್ರಹ ಕಂಡ ಬೆಂಕಿಯ ಮಾಹಿತಿ ಕಳುಹಿಸುತ್ತಿದೆ. ಅದರ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ನೋಂದಾಯಿಸಿದರೆ ಸಾರ್ವಜನಿಕರಿಗೂ ಎಸ್‌ಎಂಎಸ್ ಬರುತ್ತದೆ. ಅಮೆರಿಕದ ನಾಸಾ ನಡೆಸುವ ‘ಫರ್ಮ್ಸ್’ ಎಂಬ ವ್ಯವಸ್ಥೆಯಂತೂ ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯೊಳಗೆ ಇಡೀ ಜಗತ್ತಿನ ಬೆಂಕಿಯನ್ನು ನಕ್ಷೆಯ ಮೇಲೆ ಬಿಂದುಗಳಾಗಿ ತೋರಿಸುತ್ತದೆ. ಅದಕ್ಕೆ ಯಾವ ಶುಲ್ಕವೂ ಇಲ್ಲ.

ಆ ಬಿಂದುವನ್ನು ಓದುವಾಗ ಮಾತ್ರ ಎಚ್ಚರ ಬೇಕು. ಉಪಗ್ರಹಗಳಲ್ಲಿ ಕೂತು ಬೆಂಕಿಯನ್ನು ಗುರುತಿಸುವ, ಈಗ ಹೆಚ್ಚಾಗಿ ಬಳಕೆಯಲ್ಲಿರುವ ‘ವಿಯರ್ಸ್’ ಉಪಕರಣ ನೆಲವನ್ನು 375 ಮೀಟರ್ ಅಗಲದ ಚೌಕಗಳಾಗಿ ನೋಡುತ್ತದೆ. ಒಂದು ಚೌಕವೆಂದರೆ ಸುಮಾರು 35 ಎಕರೆ. ಬಿಂದು ಬೀಳುವುದು ಚೌಕದ ನಡುವೆ. ಬೆಂಕಿ ಅದರ ಯಾವ ಮೂಲೆಯಲ್ಲಾದರೂ ಇರಬಹುದು. ಅಷ್ಟು ಜಾಗದಲ್ಲಿ ನಾಲ್ಕಾರು ಮನೆಯವರ ಬೆಟ್ಟ, ಒಂದು ಬ್ಯಾಣ (ದನ ಮೇಯುವ ಹುಲ್ಲುಗಾವಲು), ಒಂದಿಷ್ಟು ಕಾನು (ದಟ್ಟ ಹಸಿರು ಕಾಡು) ಎಲ್ಲವೂ ಇರುತ್ತವೆ. ಬಿಂದು ನೋಡಿ ಇಂಥವರೇ ಬೆಂಕಿ ಹಾಕಿದರು ಎಂದು ಬೆರಳು ತೋರಿಸುವುದು ಅನ್ಯಾಯ.

ಕಾಣದ ಬೆಂಕಿಯೂ ಇದೆ. ಈ ಉಪಕರಣ ಹೊತ್ತ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಮೂರೂವರೆಗೆ ಹೊತ್ತಿ, ಊರಿನವರು ಹಸಿ ಸೊಪ್ಪಿನಿಂದ ಬಡಿದು ಸಂಜೆಗೆ ಆರಿಸಿದ ಬೆಂಕಿ ಯಾವ ದಾಖಲೆಗೂ ಸೇರದೇ ಹೋಗಬಹುದು. ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯಗಳ ಎಲೆ ಉದುರುವ ಕಾಡಿನಲ್ಲಿ ನೆಲದ ಉರಿ ಮೇಲಿನಿಂದ ಕಾಣುತ್ತದೆ. ನಿತ್ಯಹರಿದ್ವರ್ಣದ ಕಾನಿನಲ್ಲಿ ದರಗಿನ (ಒಣಗಿ ಬಿದ್ದ ಎಲೆಯ) ಮೇಲೆ ತೆವಳುವ ತಗ್ಗು ಬೆಂಕಿಯನ್ನು ಮರಗಳ ಚಪ್ಪರವೇ ಮರೆಮಾಡುತ್ತದೆ. ಹೀಗಾಗಿ ಬಿಂದುಗಳ ಎಣಿಕೆಯೊಂದನ್ನೇ ನೋಡಿ ಹಣ ಹಂಚಿದರೆ ಕಾನುಗಳಿಗೆ ಮೋಸವಾಗುತ್ತದೆ.

ಹಾಗಾದರೆ ಈ ಮಾಹಿತಿಯಿಂದ ಏನು ಉಪಯೋಗ? ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಬೆಂಕಿ ಬಿದ್ದ ದಿನದಲ್ಲಲ್ಲ, ಅದಕ್ಕೂ ಮೊದಲಿನ ಡಿಸೆಂಬರಿನಲ್ಲಿ. ಎರಡು ದಶಕಗಳ ಬಿಂದುಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಅವನ್ನು ಒಂದು ಅರಣ್ಯ ವಲಯದ ನಕ್ಷೆಯ ಮೇಲೆ ಹರಡಿದರೆ ಬೆಂಕಿ ಮತ್ತೆ ಮತ್ತೆ ಬೀಳುವ ಇಳಿಜಾರು, ರಸ್ತೆಯಂಚು, ಹುಲ್ಲುಗುಡ್ಡಗಳು ತಾವಾಗಿಯೇ ಎದ್ದು ಕಾಣುತ್ತವೆ. ಬೆಂಕಿ ರೇಖೆಯನ್ನು (ಉರಿ ದಾಟದಂತೆ ಹುಲ್ಲು, ಪೊದೆ ತೆಗೆದ ಪಟ್ಟಿಯನ್ನು) ಎಲ್ಲಿ ಸವರಬೇಕು, ಬೆಂಕಿ ಕಾವಲುಗಾರರನ್ನು ಎಲ್ಲಿ ಹೆಚ್ಚು ನಿಲ್ಲಿಸಬೇಕು ಎಂದು ಹುಲ್ಲು ಒಣಗುವ ಮೊದಲೇ ತೀರ್ಮಾನಿಸಬಹುದು. ದೇಶಗಳ ಮಟ್ಟದಲ್ಲಿಯೂ ಇದೇ ಕೆಲಸ ನಡೆದಿದೆ: ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಕಾರ್ಯಕ್ರಮ ಕೈಜೋಡಿಸಿರುವ ಜಾಗತಿಕ ಕಾಡ್ಗಿಚ್ಚು ಮಾಹಿತಿ ವ್ಯವಸ್ಥೆಯು ಯಾವ ದೇಶದಲ್ಲಿ ಎಷ್ಟು ಸುಟ್ಟಿತು, ಮುಂದಿನ ದಿನಗಳಲ್ಲಿ ಎಲ್ಲಿ ಅಪಾಯ ಹೆಚ್ಚು ಎಂಬುದನ್ನು ಒಂದೇ ಅಳತೆಗೋಲಿನಲ್ಲಿ ತೋರಿಸುತ್ತದೆ.

ಆದರೆ ಬೆಂಕಿ ಏಕೆ ಬಿತ್ತು ಎಂಬುದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ. ಹೊಸ ಹುಲ್ಲಿಗಾಗಿ ಬ್ಯಾಣ ಸುಟ್ಟಿದ್ದೇ, ತೋಟದಂಚಿನ ದರಗಿನ ರಾಶಿಯಿಂದ ಹಾರಿದ ಕಿಡಿಯೇ, ದಾರಿಹೋಕರು ಎಸೆದ ಬೀಡಿಯೇ? ಆ ಭಾಗದ ಕಾಡು ಕಾಯುವ ಬೀಟಿನ ಗಾರ್ಡ್‌ಗೆ ಮತ್ತು ಊರಿನವರಿಗೆ ಇದು ಗೊತ್ತಿರುತ್ತದೆ, ಬಾಯಿಮಾತಿನಲ್ಲೇ ಉಳಿದುಬಿಡುತ್ತದೆ. ಕಾರಣ ಬೇರೆಯಾದರೆ ಪರಿಹಾರವೂ ಬೇರೆ. ಬ್ಯಾಣದ ಬೆಂಕಿಗೆ ಮೇವಿನ ಮಾತು ಆಡಬೇಕು. ರಸ್ತೆಯಂಚಿನ ಬೆಂಕಿಗೆ ಅಂಚಿನ ಹುಲ್ಲು ಸವರಿಸಬೇಕು. ಕಾರಣ ದಾಖಲಾಗದಿದ್ದರೆ ಎಲ್ಲ ಬೆಂಕಿಯ ಅಪವಾದವೂ ಹಳ್ಳಿಯವರ ತಲೆಗೇ ಬರುತ್ತದೆ.

ಆದ್ದರಿಂದ ನಿಮ್ಮ ಗ್ರಾಮ ಅರಣ್ಯ ಸಮಿತಿಯಲ್ಲಿ ಒಂದು ಪುಸ್ತಕ ಇಡಿ. ದಿನಾಂಕ, ಹೊತ್ತಿದ ಗಂಟೆ, ಆರಿದ ಗಂಟೆ, ಜಾಗ, ಕಾರಣ ಇಷ್ಟನ್ನು ಬರೆದು ಮಳೆಗಾಲಕ್ಕೆ ಮೊದಲು ವಲಯ ಅರಣ್ಯಾಧಿಕಾರಿಗೆ ಪ್ರತಿ ಕೊಡಿ. ಇನ್ನು ಬೆಂಕಿ ಕಣ್ಣೆದುರೇ ಇದ್ದಾಗ ಎಸ್‌ಎಂಎಸ್‌ಗೆ ಕಾಯಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.