ಸ್ನಾನ ಒಂದೇ, ಹೆಸರು ಮೂರು

ಶಿವಮೊಗ್ಗದ ನಮ್ಮ ಗುರುವಾರದ ಬೈಬಲ್ ಕೂಟಕ್ಕೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಬರುತ್ತಾರೆ, ಸಾಗರದ ಕಡೆಯ ಕೊಂಕಣಿ ಕಥೋಲಿಕರು ಬರುತ್ತಾರೆ, ಭದ್ರಾವತಿಯಿಂದ ಪೆಂತೆಕೋಸ್ತ ಸಭೆಯ ಹಿರಿಯರೊಬ್ಬರೂ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಬೈಬಲಿನಲ್ಲಿ ಪೌಲನ ಹೆಸರಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯವನ್ನು ಎತ್ತಿಕೊಂಡು, ಐದನೇ ವಚನವನ್ನು ಸರದಿಯಂತೆ ಓದಿಸಿದೆ. ಒಬ್ಬರು ‘ಒಂದೇ ದೀಕ್ಷಾಸ್ನಾನ’ ಎಂದರು; ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಬ್ಯಾಪ್ಟಿಸಮ್, ಅದು. ಪಕ್ಕದವರ ಪುಸ್ತಕದಲ್ಲಿ ‘ಸ್ನಾನದೀಕ್ಷೆ’ ಎಂದಿತ್ತು. ಮೂಲೆಯಲ್ಲಿದ್ದ ಅಜ್ಜಿ ಪುಸ್ತಕ ತೆರೆಯದೆಯೇ ‘ಜ್ಞಾನಸ್ನಾನ’ ಎಂದರು. ಎಲ್ಲರೂ ನಕ್ಕರು. ನಗು ನಿಲ್ಲುವಷ್ಟರಲ್ಲಿ, ಹಸುಗೂಸಿಗೆ ಕೊಡಬಹುದೇ, ನೀರಿನಲ್ಲಿ ಮುಳುಗಿಸಲೇಬೇಕೇ ಎಂಬ ವಾದ ಎದ್ದಿತ್ತು. ಚಹಾ ಆರಿಹೋಯಿತು.

ತಪ್ಪು ನನ್ನದೇ. ದೇಹ, ಆತ್ಮ, ನಿರೀಕ್ಷೆ, ಕರ್ತ, ನಂಬಿಕೆ, ದೀಕ್ಷಾಸ್ನಾನ, ದೇವರು ಎಂದು ಏಳು ‘ಒಂದು’ಗಳು ಬರುವುದು 4ರಿಂದ 6ನೇ ವಚನಗಳಲ್ಲಿ. ಪಾಠವನ್ನು ಅಲ್ಲಿಂದ ಹಿಡಿದರೆ ಜಗಳ ಕಟ್ಟಿಟ್ಟದ್ದು. ಪತ್ರಿಕೆಯು ಆ ಪಟ್ಟಿಗೆ ಮೊದಲು ವಿನಯ, ಸಾತ್ವಿಕತೆ, ದೀರ್ಘಶಾಂತಿ, ಸಹನೆಗಳನ್ನು ಕೇಳುತ್ತದೆ. ಅದನ್ನು ಬರೆದವನು ಸೆರೆಯಲ್ಲಿದ್ದಾನೆ. ಆ ಮೊದಲ ಮೂರು ವಚನಗಳಿಗೇ ಒಂದು ಸಂಜೆ ಕೊಡಬೇಕು.

ಮುಂದಿನ ವಾರ ಹಾಗೆಯೇ ಮಾಡಿದೆ. ಮೂರನೇ ವಚನದ ಕ್ರಿಯಾಪದಕ್ಕೆ ಗೆರೆ ಎಳೆಸಿದೆ: ಐಕ್ಯವನ್ನು ‘ಕಾಪಾಡಿಕೊಳ್ಳಿ’. ಕಟ್ಟಿರಿ ಎಂದಿಲ್ಲ, ಅದು ಈಗಾಗಲೇ ಕೈಯಲ್ಲಿದೆ. ಆದರೆ 13ನೇ ವಚನದಲ್ಲಿ ಅದೇ ಐಕ್ಯವನ್ನು ಎಲ್ಲರೂ ಇನ್ನೂ ಮುಟ್ಟಬೇಕಾಗಿದೆ. ಐಕ್ಯಕ್ಕೆ ಇಲ್ಲಿ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. “ಹಾಗಾದರೆ 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಕೂಡಿ ಸಿ.ಎಸ್.ಐ. ಆದರಲ್ಲ, ಅದು ಕಾಪಾಡಿದ್ದೋ, ಮುಟ್ಟಿದ್ದೋ?” ಎಂದು ಭದ್ರಾವತಿಯ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಉತ್ತರ ಕೊಡಲು ಹೋಗಲಿಲ್ಲ. ಕೂಟ ನಡೆಸುವವನು ಬಾಯಿ ಮುಚ್ಚಿಕೊಳ್ಳಬೇಕಾದ ಗಳಿಗೆ ಅದು.

ಅದೇ ಮೂರನೇ ವಚನದ ‘ಸಮಾಧಾನವೆಂಬ ಬಂಧನ’ದ ಬಳಿ ಅಜ್ಜಿ ತಡೆದರು. ಅವರು ಅಡಿಕೆ ತೋಟಕ್ಕೆ ಸೊಪ್ಪು ಹೊತ್ತವರು. “ಬಳ್ಳಿ ಸಡಿಲ ಬಿಟ್ಟರೆ ಹೊರೆ ದಾರಿಯಲ್ಲೇ ಉದುರುತ್ತದೆ. ಬಿಗಿ ಹೆಚ್ಚಾದರೆ ಬಳ್ಳಿಯೇ ಹರಿಯುತ್ತದೆ. ಪೌಲನಿಗೆ ಎಷ್ಟು ಬಿಗಿ ಬೇಕಂತೆ, ಅಯ್ಯನವರೇ?”

ಸ್ನಾನದ ವಾದ ಇನ್ನೂ ಮುಗಿದಿಲ್ಲ. ಈ ಗುರುವಾರ ಏಳನೇ ವಚನ. ಅಷ್ಟು ‘ಒಂದು’ಗಳಾದ ಮೇಲೆ ಅದು ‘ಆದರೆ’ ಎಂದು ತಿರುಗಿ, ‘ಪ್ರತಿಯೊಬ್ಬನಿಗೂ’ ಬೇರೆಬೇರೆಯಾಗಿ ಅಳೆದುಕೊಟ್ಟ ಕೃಪೆಯ ಮಾತೆತ್ತುತ್ತದೆ. ಚಹಾವನ್ನು ಮೊದಲೇ ಕುಡಿಸುತ್ತೇನೆ.